ವರ್ನರ್ ಸೀಮೆನ್ಸ್ ಮತ್ತು ನಿಮ್ಮ ಮನೆಯ ‘ಪ್ಲಾಸ್ಮಾ’ ಏರ್ ಪ್ಯೂರಿಫೈಯರ್

ಏರ್ ಪ್ಯೂರಿಫೈಯರ್ ಕೊಳ್ಳಲು ಹೋದಾಗ ಡಬ್ಬದ ಮೇಲೆ ‘ಪ್ಲಾಸ್ಮಾ’ ಎಂಬ ಪದವನ್ನು ನೀವು ನೋಡಿರಬಹುದು. ವಿದ್ಯುತ್ತಿನಿಂದ ಗಾಳಿಯಲ್ಲಿನ ಕೆಟ್ಟ ಅನಿಲಗಳನ್ನು ಒಡೆಯುವ ಈ ವಿಧಾನದ ಬೇರು 19ನೇ ಶತಮಾನದ ಜರ್ಮನ್ ಎಂಜಿನಿಯರ್ ವರ್ನರ್ ಸೀಮೆನ್ಸ್ ಅವರ ಒಂದು ಗಾಜಿನ ಕೊಳವೆಯಲ್ಲಿದೆ. ನಿಮ್ಮ ಮನೆಯಲ್ಲಿ ಆಸ್ತಮಾ ಅಥವಾ ಸಿಒಪಿಡಿ ಇರುವವರಿದ್ದರೆ ಅವರ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಸೀಮೆನ್ಸ್ 1816ರಲ್ಲಿ ಹ್ಯಾನೋವರ್ ಬಳಿಯ ಲೆಂಥೆಯಲ್ಲಿ ಹುಟ್ಟಿದರು. ತಂದೆ ಗೇಣಿ ರೈತ, ಮನೆ ತುಂಬ ಮಕ್ಕಳು. ವಿಶ್ವವಿದ್ಯಾಲಯದಲ್ಲಿ ಓದಲು ಹಣವಿರಲಿಲ್ಲ. ಅದಕ್ಕಾಗಿ ಪ್ರಶ್ಯಾದ ಸೈನ್ಯ ಸೇರಿ, ಅದರ ಶಾಲೆಯಲ್ಲೇ ಗಣಿತ, ವಿಜ್ಞಾನ ಕಲಿತರು. ಹೆತ್ತವರು ತೀರಿಕೊಂಡ ಮೇಲೆ ತಮ್ಮಂದಿರ ಹೊಣೆಯೂ ಅವರ ಹೆಗಲೇರಿತು. ದ್ವಂದ್ವಯುದ್ಧವೊಂದರಲ್ಲಿ ಸಹಾಯಕರಾಗಿ ನಿಂತಿದ್ದಕ್ಕೆ ಜೈಲು ಸೇರಿದಾಗಲೂ ಲೋಹಲೇಪನದ ಪ್ರಯೋಗ ಬಿಡಲಿಲ್ಲ. 1847ರಲ್ಲಿ ಹಾಲ್ಸ್ಕೆ ಜೊತೆ ಬರ್ಲಿನ್‌ನಲ್ಲಿ ಟೆಲಿಗ್ರಾಫ್ ಕಾರ್ಖಾನೆ ತೆರೆದರು. 1870ರಲ್ಲಿ ಲಂಡನ್ ಮತ್ತು ಕಲ್ಕತ್ತಾಗಳನ್ನು ಬೆಸೆದ ತಂತಿ ಮಾರ್ಗದಲ್ಲಿ ಅವರ ಸಂಸ್ಥೆಯ ಪಾಲು ದೊಡ್ಡದು.

ಆ ಕೊಳವೆ ರೂಪುಗೊಂಡದ್ದು 1857ರಲ್ಲಿ. ಒಂದು ಗಾಜಿನ ಕೊಳವೆಯೊಳಗೆ ಇನ್ನೊಂದು, ನಡುವೆ ಕಿರಿದಾದ ಸಂದಿ. ಸಂದಿಯಲ್ಲಿ ಗಾಳಿ ಹರಿಸಿ, ಹೊರಗೂ ಒಳಗೂ ಸುತ್ತಿದ ಲೋಹದ ಹಾಳೆಗಳಿಗೆ ಹೆಚ್ಚು ವೋಲ್ಟೇಜ್ ಕೊಟ್ಟರು. ಗಾಜು ಅಡ್ಡವಿರುವುದರಿಂದ ಒಂದೇ ದೊಡ್ಡ ಕಿಡಿ ಹಾರುವುದಿಲ್ಲ. ಸಂದಿಯ ತುಂಬ ಸಣ್ಣ ಸಣ್ಣ ವಿಸರ್ಜನೆಗಳಾಗುತ್ತವೆ. ಅಲ್ಲಿ ಎಲೆಕ್ಟ್ರಾನ್‌ಗಳು ಆಮ್ಲಜನಕದ ಅಣುವನ್ನು ಒಡೆಯುತ್ತವೆ. ಬಿಡಿ ಪರಮಾಣು ಇನ್ನೊಂದು ಅಣುವಿಗೆ ಅಂಟಿಕೊಂಡಾಗ ಓಝೋನ್ ಆಗುತ್ತದೆ. ಸೀಮೆನ್ಸ್ ಬಯಸಿದ್ದೂ ಓಝೋನನ್ನೇ. ಮುಂದೆ ಅದು ಕುಡಿಯುವ ನೀರಿನ ಶುದ್ಧೀಕರಣಕ್ಕೆ ಬಳಕೆಯಾಯಿತು.

ಕಾರ್ಖಾನೆಯ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್, ದ್ರಾವಕಗಳ ಆವಿ ಮುಂತಾದವನ್ನು ಒಡೆಯಲು ಇಂದು ಇದೇ ಬಗೆಯ ವಿಸರ್ಜನೆಯನ್ನು ಬಳಸಬಹುದು. ಆದರೆ ಉಳಿದ ಓಝೋನನ್ನು ನಾಶಮಾಡಲು ಮುಂದೆ ಇನ್ನೊಂದು ಹಂತ ಬೇಕು. ಮನೆಯ ಯಂತ್ರದಿಂದ ಓಝೋನ್ ಹೊರಬಂದರೆ ಅದು ಸೇರುವುದು ನಿಮ್ಮ ಶ್ವಾಸಕೋಶವನ್ನೇ. ಕೆಮ್ಮು, ಎದೆ ಬಿಗಿತ ಬರಬಹುದು; ಆಸ್ತಮಾ ಉಲ್ಬಣಿಸಬಹುದು.

ಆದ್ದರಿಂದ ಹೀಗೆ ಮಾಡಿ:

• ಧೂಳಿನ ಕಣಗಳಿಗೆ ಹೆಪಾ ಫಿಲ್ಟರ್, ವಾಸನೆ ಮತ್ತು ಕೆಲವು ಅನಿಲಗಳಿಗೆ ಆಕ್ಟಿವೇಟೆಡ್ ಕಾರ್ಬನ್ ಇರುವ ಯಂತ್ರ ಆರಿಸಿ.
• ‘ಪ್ಲಾಸ್ಮಾ’ ಅಥವಾ ‘ಅಯಾನೈಸರ್’ ಬಟನ್ ಇದ್ದರೆ, ರೋಗಿಯ ಕೋಣೆಯಲ್ಲಿ ಆಫ್ ಮಾಡಿಡಿ.
• ಓಝೋನ್ ಉತ್ಪಾದಿಸುವ ಯಂತ್ರವನ್ನು ಜನರಿರುವ ಕೋಣೆಯಲ್ಲಿ ಬಳಸಬೇಡಿ.
• ಉಸಿರಾಟದ ತೊಂದರೆ ಹೆಚ್ಚಾದರೆ ತಕ್ಷಣ ವೈದ್ಯರನ್ನು ಕಾಣಿ. ಯಂತ್ರವಿದೆಯೆಂದು ಇನ್‌ಹೇಲರ್ ನಿಲ್ಲಿಸಬೇಡಿ.

ಸೀಮೆನ್ಸ್ 1892ರಲ್ಲಿ ತೀರಿಕೊಂಡರು. ಅವರು ಓಝೋನ್ ತಯಾರಿಸಿದ್ದು ಮುಚ್ಚಿದ ಕೊಳವೆಯೊಳಗೆ, ಯಾರೂ ಮಲಗುವ ಕೋಣೆಯಲ್ಲಲ್ಲ. ಯಂತ್ರ ಕೊಳ್ಳುವಾಗ ಈ ಒಂದು ವಿಷಯ ನೆನಪಿರಲಿ.