ಸಂಘಕ್ಕಾಗಿ ಸಂಘವನ್ನೇ ತೊರೆದ ಬಿ.ಪಿ. ವಾಡಿಯಾ

ಬಾದನಹಟ್ಟಿ (ಕುರುಗೋಡು ತಾಲ್ಲೂಕು): ಬಾದನಹಟ್ಟಿಯೂ ಸೇರಿದಂತೆ ಬಳ್ಳಾರಿ ಸೀಮೆಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಅದೇ ಮದ್ರಾಸಿನಲ್ಲಿ ದೇಶದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘವನ್ನು ಮುನ್ನಡೆಸಿ, ಬೆಂಗಳೂರಿನಲ್ಲಿ ಕೊನೆಯುಸಿರೆಳೆದವರು ಬಹ್ಮನ್ ಪೆಸ್ತೋನ್‌ಜಿ ವಾಡಿಯಾ.

1881ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ವಾಡಿಯಾ, ಥಿಯಾಸಫಿಯ ಸೆಳೆತಕ್ಕೆ ಒಳಗಾಗಿ ಮದ್ರಾಸಿನ ಅಡ್ಯಾರಿಗೆ ಬಂದರು. ಆನಿ ಬೆಸೆಂಟರ ಪತ್ರಿಕೆಯಲ್ಲಿ ದುಡಿದರು. ಹೋಂ ರೂಲ್ ಚಳವಳಿಗಾಗಿ 1917ರಲ್ಲಿ ಅವರೊಂದಿಗೆ ಬಂಧನಕ್ಕೂ ಒಳಗಾದರು.

ಮದ್ರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಮಧ್ಯಾಹ್ನದ ಊಟಕ್ಕೆ ದೊರೆಯುತ್ತಿದ್ದುದು ಕೇವಲ ಅರ್ಧ ಗಂಟೆಯ ಬಿಡುವು. ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಈ ಸಂಕಷ್ಟವನ್ನು ವಾಡಿಯಾ ಅವರ ಗಮನಕ್ಕೆ ತಂದರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಜನ್ಮತಾಳಿತು. ವಾಡಿಯಾ ಅಧ್ಯಕ್ಷರಾದರು. ಮರುವರ್ಷ ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ಎನ್.ಎಂ. ಜೋಶಿ ಅವರ ಸಲಹೆಗಾರರಾಗಿ ಪಾಲ್ಗೊಂಡರು.

1920ರ ಕೊನೆಯಲ್ಲಿ ಗಿರಣಿಗೆ ಬೀಗಮುದ್ರೆ ಬಿತ್ತು. ಕಾರ್ಮಿಕರನ್ನು ಕರಾರು ಮುರಿಯಲು ಪ್ರಚೋದಿಸಿದರೆಂದು ಆರೋಪಿಸಿ ಬಿನ್ನಿ ಕಂಪನಿಯು ಮದ್ರಾಸ್ ಹೈಕೋರ್ಟಿನಲ್ಲಿ ದಾವೆ ಹೂಡಿ, ನಾಯಕರಿಂದ ನಷ್ಟಪರಿಹಾರ ಕೋರಿತು. ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆಗ ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆಯೇ ಇರಲಿಲ್ಲ. ಕೊನೆಗೆ 1921ರಲ್ಲಿ ವಾಡಿಯಾ ಸಂಘದಿಂದ ದೂರ ಸರಿಯುವ ಷರತ್ತಿನ ಮೇಲೆ ಕಂಪನಿ ದಾವೆಯನ್ನು ಕೈಬಿಟ್ಟಿತು. ತಾವು ಬೆಳೆಸಿದ ಸಂಘದ ಉಳಿವಿಗಾಗಿ ಅವರು ಸಂಘವನ್ನೇ ತೊರೆಯಬೇಕಾಯಿತು.

ಆದರೆ ಈ ಸೋಲು ವ್ಯರ್ಥವಾಗಲಿಲ್ಲ. ಅದೇ ವರ್ಷ ಜೋಶಿ ಅವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳಿಗೆ ರಕ್ಷಣೆ ಕೋರಿ ನಿರ್ಣಯ ಮಂಡಿಸಿದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ರೂಪುಗೊಂಡಿತು. ನೋಂದಾಯಿತ ಸಂಘದ ಪದಾಧಿಕಾರಿಗಳನ್ನು ಕೈಗಾರಿಕಾ ವಿವಾದದಲ್ಲಿ ಇಂತಹ ದಾವೆಗೆ ಗುರಿಪಡಿಸದಂತೆ ಅದು ರಕ್ಷಣೆ ನೀಡಿತು.

1922ರಲ್ಲಿ ಥಿಯಾಸಾಫಿಕಲ್ ಸೊಸೈಟಿಯನ್ನೂ ತೊರೆದ ವಾಡಿಯಾ, 1945ರಲ್ಲಿ ಪತ್ನಿ ಸೋಫಿಯಾ ಅವರೊಂದಿಗೆ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಸ್ಥಾಪಿಸಿದರು. 1958ರ ಆಗಸ್ಟ್ 20ರಂದು ನಿಧನರಾದರು. ಸಂಸ್ಥೆ ಇರುವ ರಸ್ತೆಗೆ ಅವರದೇ ಹೆಸರಿದೆ. ಅಲ್ಲಿನ ಗ್ರಂಥಾಲಯಕ್ಕೆ ಬರುವ ಓದುಗರು ಆ ಹೆಸರಿನ ಹಿಂದಿರುವ ಗಿರಣಿ ಕಾರ್ಮಿಕರ ಹೋರಾಟವನ್ನೂ ನೆನೆಯಬೇಕಾಗಿದೆ.