ತಂದೆಯ ಸಾಲ ತೀರಿಸಿದ ಗೀತಕಾರ

ಹಳೆಯ ಇಂಗ್ಲಿಷ್ ಚಿತ್ರಗೀತೆಗಳ ಪರಿಚಯವಿರುವವರಿಗೆ ‘ಮೂನ್ ರಿವರ್’ ಹೊಸದಲ್ಲ. 1961ರಲ್ಲಿ ತೆರೆಕಂಡ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್ ಕಿಟಕಿಯ ಅಂಚಿನಲ್ಲಿ ಕುಳಿತು, ಗಿಟಾರ್ ಮೀಟುತ್ತ ಹಾಡುವ ಗೀತೆ ಅದು. ಆಕೆ ಗಾಯನದಲ್ಲಿ ಪಳಗಿದವರಲ್ಲ. ಆದ್ದರಿಂದ ಸಂಗೀತ ನಿರ್ದೇಶಕ ಹೆನ್ರಿ ಮ್ಯಾನ್ಸಿನಿ ಒಂದು ಸಪ್ತಕವನ್ನು ತುಸುವೇ ಮೀರುವ ಧಾಟಿಯನ್ನು ಸಂಯೋಜಿಸಿದರು. ಮುಂದೆ ಆಂಡಿ ವಿಲಿಯಮ್ಸ್, ಜೆರ್ರಿ ಬಟ್ಲರ್, ಫ್ರಾಂಕ್ ಸಿನಾತ್ರಾ, ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲಾದ ಅನೇಕರು ಅದನ್ನು ಧ್ವನಿಮುದ್ರಿಸಿದರು. ಗಾಯಕರ ಹೆಸರು ಉಳಿದಷ್ಟು ಅದರ ಸಾಹಿತ್ಯ ರಚಿಸಿದ ಜಾನಿ ಮರ್ಸರ್ ಅವರ ಹೆಸರು ಜನಮನದಲ್ಲಿ ಉಳಿದಿಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಸಾಲ ವಸೂಲಿಯ ಕಡತಗಳ ನಡುವೆ ವರ್ಷಗಳನ್ನು ಕಳೆದ ನನಗೆ ಅವರ ಹಾಡಿನಷ್ಟೇ ಅವರ ಬಾಳಿನ ಜಮಾಖರ್ಚೂ ಪ್ರಿಯವಾದುದು.

ಮರ್ಸರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಲ್ಲಿ. ತಂದೆಯದು ಜಮೀನು, ಮನೆ ಹಾಗೂ ಸಾಲದ ವ್ಯವಹಾರ. ಊರಿನ ಅನೇಕರು ತಮ್ಮ ಉಳಿತಾಯವನ್ನು ಅವರನ್ನು ನಂಬಿ ಹೂಡಿದ್ದರು. 1927ರಲ್ಲಿ ಆ ಸಂಸ್ಥೆ ಕುಸಿಯಿತು. ಹದಿನೇಳರ ಹುಡುಗನ ಕಾಲೇಜು ಕನಸು ಅಲ್ಲಿಗೇ ಮುಗಿಯಿತು. ತಂದೆ ಹೂಡಿಕೆದಾರರ ಹಣ ಹಿಂದಿರುಗಿಸಲು ಕೊನೆಯವರೆಗೂ ಹೆಣಗಿ, 1940ರಲ್ಲಿ ತೀರಿಕೊಂಡರು. ಋಣ ಮಾತ್ರ ಪೂರ್ತಿ ತೀರಿರಲಿಲ್ಲ.

ಮಗ ನ್ಯೂಯಾರ್ಕಿನಲ್ಲಿ ಪಾಡುಪಟ್ಟು, ಅನಂತರ ಹಾಲಿವುಡ್ ಸೇರಿ, ಸಾವಿರಕ್ಕೂ ಹೆಚ್ಚು ಗೀತೆಗಳನ್ನು ಬರೆದರು. 1942ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಕ್ಯಾಪಿಟಲ್ ರೆಕಾರ್ಡ್ಸ್ ಸಂಸ್ಥೆಯನ್ನು ಕಟ್ಟಿದರು. 1955ರಲ್ಲಿ ಆ ಸಂಸ್ಥೆ ಬ್ರಿಟನ್ನಿನ ಇಎಂಐ ಪಾಲಾಯಿತು. ಅದೇ ವರ್ಷ ಮರ್ಸರ್ ತಂದೆಯ ಉಳಿಕೆ ಸಾಲ ತೀರಿಸಲು 3 ಲಕ್ಷ ಡಾಲರ್‌ಗಳ ಚೆಕ್ಕನ್ನು ಸವಾನಾಕ್ಕೆ ಕಳುಹಿಸಿದರು. ಸಂಸ್ಥೆ ಕುಸಿದು 28 ವರ್ಷಗಳು ಕಳೆದಿದ್ದವು. ಕಾನೂನು ಅವರಿಂದ ಒಂದು ಡಾಲರನ್ನೂ ಕೇಳುವಂತಿರಲಿಲ್ಲ.

‘ಮೂನ್ ರಿವರ್’ ಬಂದದ್ದು ಇದಾದ ಆರು ವರ್ಷಗಳ ಮೇಲೆ. ಸವಾನಾದ ಹಿನ್ನೀರು, ಅಲ್ಲಿ ಕಾಡುಹಣ್ಣು ಆರಿಸುತ್ತಿದ್ದ ಬಾಲ್ಯ ಆ ಗೀತೆಯ ಒಡಲಲ್ಲಿವೆ. ಅದು ಅವರಿಗೆ ಮೂರನೆಯ ಆಸ್ಕರ್ ತಂದಿತು. ಮರುವರ್ಷದ ಚಿತ್ರವೊಂದರ ಗೀತೆಗೆ ನಾಲ್ಕನೆಯದೂ ಬಂತು. ಅದೇ ಕಾಲದಲ್ಲಿ ಓಹಿಯೊದ ಸಾಮಾನ್ಯ ಮಹಿಳೆಯೊಬ್ಬರು ಪತ್ರದಲ್ಲಿ ಸೂಚಿಸಿದ ಕಲ್ಪನೆಯೊಂದನ್ನು ಬೆಳೆಸಿ ಹಾಡಾಗಿಸಿದಾಗ, ಆಕೆಯನ್ನು ಸಹಲೇಖಕಿ ಎಂದು ಕಾಣಿಸಿ ಗೌರವಧನದಲ್ಲೂ ಪಾಲು ಕೊಟ್ಟರು. ಮರ್ಸರ್ 1976ರಲ್ಲಿ ನಿಧನರಾದರು. ಅವರ ಸಮಾಧಿ ಸವಾನಾದಲ್ಲಿಯೇ ಇದೆ. ಅಲ್ಲಿಯ ಹಿನ್ನೀರಿನ ಕವಲೊಂದಕ್ಕೆ ಊರು ಅವರ ಗೀತೆಯ ಹೆಸರನ್ನಿಟ್ಟಿದೆ.

ವ್ಯಾಪಾರದಲ್ಲಿ ಸೋಲು ಅಪರಾಧವಲ್ಲ. ಸೋತವನು ಮತ್ತೆ ಏಳಲೆಂದೇ ದಿವಾಳಿ ಕಾನೂನು ಇದೆ, ಅದು ಇರಲೂಬೇಕು. ಆದರೆ ಮುಳುಗಿದ ಪತ್ತಿನ ಸಂಘಗಳ ಮುಂದೆ ಪಾಸ್‌ಬುಕ್ ಹಿಡಿದು ನಿಲ್ಲುವ ನಿವೃತ್ತರನ್ನೂ ವಿಧವೆಯರನ್ನೂ ನಾವು ಕಂಡಿದ್ದೇವೆ. ಅವರ ಹಣ ಮುಳುಗಿಸಿದವರ ಮನೆಗಳಲ್ಲಿ ಸಿರಿತನ ಮರಳಿದಾಗಲೂ ಹಳೆಯ ಲೆಕ್ಕದ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಮರ್ಸರ್ ಅದನ್ನು ತೆರೆದರು. ಅವರ ಗೀತೆಯನ್ನು ಯಾರ ಕಂಠದಲ್ಲಿ ಕೇಳಿದರೂ ನನಗೆ ಹಣ ವಾಪಸು ಬಂದ ಆ ಊರಿನ ಮನೆಗಳೂ ನೆನಪಾಗುತ್ತವೆ.