ನೀರ್ ಸಾಬ್: ಅಧಿಕಾರವನ್ನು ಹಳ್ಳಿಗೆ ಹಂಚಿದ ಅಬ್ದುಲ್ ನಜೀರ್ ಸಾಬ್

ಅಧಿಕಾರವನ್ನು ಗಳಿಸಿದವರು ಅನೇಕರು. ಕೈಗೆ ಬಂದ ಅಧಿಕಾರವನ್ನು ಇಲ್ಲದವರಿಗೆ ಹಂಚಲು ಹೊರಟವರು ವಿರಳ. ಅಂಥ ವಿರಳರ ಪಂಕ್ತಿಗೆ ಸೇರಿದವರು ದಿವಂಗತ ಅಬ್ದುಲ್ ನಜೀರ್ ಸಾಬ್ ಅವರು.

ಅಂದಿನ ಮೈಸೂರು ಜಿಲ್ಲೆಯ, ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಅವರ ಊರು. 1983ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆ ಅವರ ಪಾಲಿಗೆ ಬಂದಿತು. ಬರಗಾಲದಿಂದ ಬೆಂದ ಹಳ್ಳಿಗಳಲ್ಲಿ ಕೊಳವೆ ಬಾವಿಗಳನ್ನು ತೋಡಿಸಿ, ಕೈಪಂಪುಗಳನ್ನು ಹಾಕಿಸಿ ಕುಡಿಯುವ ನೀರನ್ನು ಒದಗಿಸುವುದನ್ನೇ ಅವರು ಮೊದಲ ಕರ್ತವ್ಯವೆಂದು ಬಗೆದರು. ಮೈಲಿಗಟ್ಟಲೆ ದೂರದಿಂದ ಕೊಡ ಹೊತ್ತು ತರುತ್ತಿದ್ದ ತಾಯಂದಿರ ಬವಣೆ ನೀಗಿದ ಆ ಸಚಿವರನ್ನು ಜನ ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು.

ಆದರೆ ನೀರು ಕೊಟ್ಟ ಮಾತ್ರಕ್ಕೆ ಹಳ್ಳಿಯ ಬಾಳು ಹಸನಾಗದು. ಬಾವಿ ಎಲ್ಲಿರಬೇಕು, ಕೆಟ್ಟ ಪಂಪನ್ನು ಯಾರು ಸರಿಪಡಿಸಬೇಕು ಎಂಬ ತೀರ್ಮಾನವು ಊರಿನ ನಾಲ್ಕು ಮಂದಿ ಪ್ರಬಲರ ಕೈಯಲ್ಲಿಯೇ ಉಳಿದರೆ, ಕೇರಿಯ ಕಡೆಯ ಮನೆಗೆ ಅದು ದಕ್ಕುವುದು ಅನುಮಾನ. 1957ರ ಬಲವಂತರಾಯ್ ಮೆಹ್ತಾ ಸಮಿತಿಯು ಪಂಚಾಯಿತಿಗೆ ಇಬ್ಬರು ಮಹಿಳೆಯರನ್ನು ಸೇರಿಸಿಕೊಳ್ಳಬೇಕೆಂದು ಹೇಳಿತ್ತು. ಹೀಗೆ ಒಳಗೆ ಬಂದವರು ಅತಿಥಿಗಳಂತಿರುತ್ತಿದ್ದರೇ ಹೊರತು ಅವರ ಬೆನ್ನಿಗೆ ಮತದಾರರ ಬಲವಿರುತ್ತಿರಲಿಲ್ಲ.

ನಜೀರ್ ಸಾಬ್ ಅವರು ಮುಂದೆ ನಿಂತು ರೂಪಿಸಿದ 1983ರ ಶಾಸನವು ಈ ರೂಢಿಯನ್ನು ಮುರಿಯಿತು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಶೇಕಡಾ 25 ಸ್ಥಾನಗಳನ್ನು ಮಹಿಳೆಯರಿಗೂ, ಕನಿಷ್ಠ ಶೇಕಡಾ 18 ಸ್ಥಾನಗಳನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಮೀಸಲಿಟ್ಟು, ಅವರನ್ನು ಜನರೇ ಚುನಾಯಿಸುವಂತೆ ಮಾಡಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. ಊರಿನ ಮತದಾರರೆಲ್ಲರೂ ವರ್ಷಕ್ಕೆ ಎರಡು ಬಾರಿ ಗ್ರಾಮಸಭೆಯಲ್ಲಿ ಕಲೆತು, ಆದ ಕೆಲಸದ ಲೆಕ್ಕ ಕೇಳುವ ಹಕ್ಕೂ ಲಭಿಸಿತು. ರಾಷ್ಟ್ರಪತಿಗಳ ಅಂಕಿತಕ್ಕಾಗಿ 1985ರವರೆಗೆ ಕಾಯಬೇಕಾಯಿತು. ಓದುಬರಹವಿಲ್ಲದ ಹೆಂಗಸರಿಂದ ಆಡಳಿತ ಸಾಧ್ಯವೇ ಎಂಬ ಸಂದೇಹವೂ ಇಲ್ಲದಿರಲಿಲ್ಲ. ಜವಾಬ್ದಾರಿಯನ್ನು ಹೊತ್ತವರಿಗೆ ಮಾತ್ರ ಅದನ್ನು ನಿಭಾಯಿಸುವ ಕಲೆ ಬರುತ್ತದೆ ಎಂಬುದಕ್ಕೆ ಆ ಶಾಸನವೇ ಉತ್ತರವಾಗಿತ್ತು.

1987ರ ಜನವರಿಯಲ್ಲಿ ಚುನಾವಣೆ ಜರುಗಿತು. ಸುಮಾರು 14 ಸಾವಿರ ಮಹಿಳೆಯರು ಚುನಾಯಿತರಾಗಿ ಬಂದರು. ಅದುವರೆಗೆ ಸಭೆಯ ಬಾಗಿಲಾಚೆ ನಿಂತವರು ಒಳಗೆ ಬಂದು ಕುರ್ಚಿಯ ಮೇಲೆ ಕುಳಿತ ದಿನಗಳವು. ಕೊರತೆಗಳೂ ಇದ್ದುವೆಂಬುದನ್ನು ಮರೆಯಲಾಗದು. ಪ್ರಧಾನ ಹಾಗೂ ಅಧ್ಯಕ್ಷ ಪದವಿಗಳಿಗೆ ಮೀಸಲಾತಿ ಇರಲಿಲ್ಲ. ಪ್ರಶ್ನೆಗಳಿಗೆ ಅಂಜಿ ಗ್ರಾಮಸಭೆಯನ್ನೇ ಕರೆಯದ ಮಂಡಲಗಳೂ ಇದ್ದುವು. ಹೆಂಡತಿಯ ಹೆಸರಿನಲ್ಲಿ ಗಂಡ ಆಡಳಿತ ನಡೆಸಿದ ಉದಾಹರಣೆಗಳಿಗೂ ಬರವಿರಲಿಲ್ಲ.

ತಾವು ನೆಟ್ಟ ಸಸಿ ಮರವಾಗುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಚುನಾವಣೆ ನಡೆದು ಎರಡು ವರ್ಷ ತುಂಬುವ ಮೊದಲೇ, 1988ರಲ್ಲಿ, ಅವರು ಕಾಲವಾದರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕುಳಿತರು. ಆದರೂ ಬೇರು ಒಣಗಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಸ್ಥಾನಗಳಲ್ಲಿಯೂ ಅಧ್ಯಕ್ಷ ಪದವಿಗಳಲ್ಲಿಯೂ ಮೂರನೆಯ ಒಂದು ಪಾಲನ್ನು ಮಹಿಳೆಯರಿಗೆ ಕೊಟ್ಟಿತು. 2010ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಮೈಸೂರಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಅವರ ಹೆಸರನ್ನು ಹೊತ್ತು, ಚುನಾಯಿತ ಸದಸ್ಯರಿಗೆ ಶಿಕ್ಷಣ ನೀಡುತ್ತ ಬಂದಿದೆ.

ಮೀಸಲಾತಿ ಆಸನವನ್ನು ಕೊಟ್ಟೀತು; ಆ ಆಸನದಲ್ಲಿ ಕುಳಿತು ಅಳುಕದೆ ಮಾತನಾಡುವ ಧೈರ್ಯವನ್ನು ಕೊಡಬೇಕಾದುದು ಶಾಲೆ. ನಮ್ಮ ತರಗತಿಯ ಕಡೆಯ ಸಾಲಿನಲ್ಲಿ ಮೌನವಾಗಿ ಕುಳಿತ ಬಾಲಕಿಯು ಒಂದು ದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದಾಗ, ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬೇಕಾದ ಋಣ ತುಸುವಾದರೂ ಸಂದೀತು.